ಕ್ಲಸ್ಟರಿನ ವರ್ಚುವಲ್ ಮೆಷಿನ್‌ಗಳ ಗಡಿಯಾರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಕ್ಲಸ್ಟರ್ (ಒಂದಾಗಿ ಕೆಲಸ ಮಾಡುವ ಯಂತ್ರಗಳ ಗುಂಪು) ಕಟ್ಟಿದವರು ಏನಾದರೂ ಕೆಟ್ಟಾಗ ಡಿಸ್ಕನ್ನು ಶಂಕಿಸುತ್ತಾರೆ, ನೆಟ್‌ವರ್ಕನ್ನು ಶಂಕಿಸುತ್ತಾರೆ, ಪಕ್ಕದ ತಂಡದವರನ್ನೂ ಶಂಕಿಸುತ್ತಾರೆ. ಗಡಿಯಾರದ ಮೇಲೆ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ. ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನ ಮಾತು ಲಿನಕ್ಸ್ ವಿಎಂಗಳದ್ದು. ವಿಎಂ ಎಂದರೆ ವರ್ಚುವಲ್ ಮೆಷಿನ್: ಹೋಸ್ಟ್ ಎಂಬ ಭೌತಿಕ ಯಂತ್ರದ ಮೇಲೆ ಹೈಪರ್‌ವೈಸರ್ ಎಂಬ ತಂತ್ರಾಂಶ ಓಡಿಸುವ ಯಂತ್ರ. ವಿಂಡೋಸ್ ಕೊನೆಯ ಹತ್ತಿರ ಬರುತ್ತದೆ.

ಗಡಿಯಾರ ಒಂದೆರಡು ಸೆಕೆಂಡು ಆಚೀಚೆಯಾದರೆ ಅಂಥ ನಷ್ಟವೇನು?

ಅದರ ಮೇಲೆ ಏನು ಓಡುತ್ತಿದೆ ಎಂಬುದನ್ನು ನೋಡಬೇಕು. ಸೆಫ್ ಎಂಬ ಸಂಗ್ರಹ ವ್ಯವಸ್ಥೆ ಬಹಳ ನಾಜೂಕು: ಮಾನಿಟರ್ ನೋಡ್‌ಗಳ (ಕ್ಲಸ್ಟರಿನ ಒಂದೊಂದು ಯಂತ್ರವೂ ಒಂದು ನೋಡ್) ನಡುವೆ 0.05 ಸೆಕೆಂಡಿಗಿಂತ ಹೆಚ್ಚು ಅಂತರ ಕಂಡರೆ ಎಚ್ಚರಿಕೆ ಕೊಡುತ್ತದೆ. ಕಾಕ್ರೋಚ್‌ಡಿಬಿ ಎಂಬ ಡೇಟಾಬೇಸ್ ನಾವು ಬದಲಿಸದಿದ್ದರೆ 500 ಮಿಲಿಸೆಕೆಂಡಿನ ಮಿತಿ ಇಟ್ಟುಕೊಂಡಿರುತ್ತದೆ. ಆ ಮಿತಿಯ ಶೇ. 80ಕ್ಕಿಂತ ಹೆಚ್ಚು ದೂರ ಸರಿದಿದ್ದೇನೆ ಎಂದು ಗೊತ್ತಾದ ನೋಡ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಎಚ್‌ಬೇಸ್ ಡೇಟಾಬೇಸಿನ ಮಾಸ್ಟರ್ 30 ಸೆಕೆಂಡಿಗಿಂತ ಹೆಚ್ಚು ತಪ್ಪಿದ ರೀಜನ್ ಸರ್ವರನ್ನು (ಡೇಟಾ ಹೊತ್ತ ನೋಡನ್ನು) ಒಳಗೆ ಬಿಡುವುದಿಲ್ಲ. ಬಳಕೆದಾರರ ಗುರುತು ಪರೀಕ್ಷಿಸುವ ಕರ್ಬರೋಸ್ 5 ನಿಮಿಷದವರೆಗೆ ಸುಮ್ಮನಿದ್ದು, ಆಮೇಲೆ ಲಾಗಿನ್ ಆಗಲು ಬಿಡುವುದಿಲ್ಲ.

ಇವರೆಲ್ಲ ಒಳ್ಳೆಯವರು, ಏಕೆಂದರೆ ಕೂಗಿ ಹೇಳುತ್ತಾರೆ. ಭಯಪಡಬೇಕಾದ್ದು ಸದ್ದಿಲ್ಲದೆ ತಪ್ಪು ಮಾಡುವವರಿಗೆ. ಕಸಾಂಡ್ರ ಡೇಟಾಬೇಸಿನಲ್ಲಿ ಒಂದೇ ಅಂಕಣಕ್ಕೆ ಇಬ್ಬರು ಬರೆದರೆ, ಯಾವ ಬರಹದ ಮೇಲಿನ ಸಮಯದ ಮುದ್ರೆ ದೊಡ್ಡದೋ ಅದು ಉಳಿಯುತ್ತದೆ. ಒಂದು ಯಂತ್ರ 2 ಸೆಕೆಂಡು ಮುಂದಿದೆ ಎಂದುಕೊಳ್ಳಿ. ಅದರ ಮೂಲಕ ಗ್ರಾಹಕರೊಬ್ಬರ ಫೋನ್ ಸಂಖ್ಯೆ ತಪ್ಪಾಗಿ ದಾಖಲಾಯಿತು. ಒಂದು ಸೆಕೆಂಡಿನ ನಂತರ ಸರಿಯಾದ ಗಡಿಯಾರವಿರುವ ಇನ್ನೊಂದು ಯಂತ್ರದ ಮೂಲಕ ತಿದ್ದುಪಡಿ ಬಂತು. ಡೇಟಾಬೇಸಿನ ದೃಷ್ಟಿಯಲ್ಲಿ ತಿದ್ದುಪಡಿಯೇ ಹಳೆಯದು! ದೋಷದ ಸಂದೇಶವಿಲ್ಲ, ಲಾಗಿನಲ್ಲಿ ಒಂದು ಸಾಲಿಲ್ಲ, ತಿದ್ದಿದ್ದು ಮಾತ್ರ ಇಲ್ಲ. ಆ ಮುದ್ರೆಯನ್ನು ಅನೇಕ ಸಲ ಹಾಕುವುದು ಡೇಟಾಬೇಸಿನ ನೋಡ್ ಅಲ್ಲ, ಅದಕ್ಕೆ ಬರೆಯುವ ಅಪ್ಲಿಕೇಶನ್ ಕಡೆಯ ಡ್ರೈವರ್ ಎಂಬುದೂ ನೆನಪಿರಲಿ. ಹಾಗಾಗಿ ಅಪ್ಲಿಕೇಶನ್ ವಿಎಂಗಳ ಗಡಿಯಾರವೂ ನಿಮ್ಮ ಜವಾಬ್ದಾರಿಯೇ.

ಹಾಗೆಂದು ಎಲ್ಲಕ್ಕೂ ಗಡಿಯಾರವನ್ನೇ ದೂರಬೇಡಿ. ನೋಡ್‌ಗಳು ತಮ್ಮಲ್ಲೇ ನಾಯಕನನ್ನು ಆರಿಸಿ ಒಮ್ಮತಕ್ಕೆ ಬರುವ ರಾಫ್ಟ್ ವಿಧಾನದ ಮೇಲೆ ನಿಂತ ಇಟಿಸಿಡಿಯಂಥ ವ್ಯವಸ್ಥೆಗಳಲ್ಲಿ ನಾಯಕನ ಆಯ್ಕೆ ನಡೆಯುವುದು ಎಷ್ಟು ಹೊತ್ತು ಕಳೆಯಿತು ಎಂಬ ಲೆಕ್ಕದ ಮೇಲೆ, ಈಗ ಗಂಟೆ ಎಷ್ಟು ಎಂಬುದರ ಮೇಲಲ್ಲ. ಅಲ್ಲಿ ನಾಯಕ ಪದೇ ಪದೇ ಬದಲಾಗುತ್ತಿದ್ದರೆ ಮೊದಲು ಡಿಸ್ಕಿನ ವೇಗ ನೋಡಿ.

ಇಷ್ಟು ಬೆಲೆಯ ಸರ್ವರಿನ ಗಡಿಯಾರ ಕೈಗಡಿಯಾರಕ್ಕಿಂತ ಕಳಪೆಯೇ?

ಹೆಚ್ಚುಕಡಿಮೆ ಹೌದು. ಎರಡರಲ್ಲೂ ಇರುವುದು ಸ್ಫಟಿಕವೇ. ಆದರೆ ಕೈಗಡಿಯಾರಕ್ಕೆ ಮೈಶಾಖದ ಸ್ಥಿರತೆ ಸಿಗುತ್ತದೆ, ಸರ್ವರಿನೊಳಗೆ ಕೆಲಸದ ಒತ್ತಡಕ್ಕೆ ತಕ್ಕಂತೆ ತಾಪಮಾನ ಏರಿಳಿಯುತ್ತದೆ. ಹತ್ತು ಲಕ್ಷದಲ್ಲಿ ಒಂದು ಭಾಗದ ದೋಷವನ್ನು ಪಿಪಿಎಂ ಎನ್ನುತ್ತಾರೆ. 1 ಪಿಪಿಎಂ ಎಂದರೆ ದಿನಕ್ಕೆ 86.4 ಮಿಲಿಸೆಕೆಂಡು. 20 ಪಿಪಿಎಂ ದೋಷದ ಸಾಧಾರಣ ಸ್ಫಟಿಕ ದಿನಕ್ಕೆ ಒಂದೂಮುಕ್ಕಾಲು ಸೆಕೆಂಡು ತಪ್ಪುತ್ತದೆ. ಸೆಫ್‌ನ 0.05 ಸೆಕೆಂಡಿನ ಗೆರೆಯನ್ನು ಅದು ಮುಕ್ಕಾಲು ಗಂಟೆಯೊಳಗೆ ದಾಟಿರುತ್ತದೆ.

ಭೌತಿಕ ಯಂತ್ರಕ್ಕಿಲ್ಲದ ಯಾವ ತೊಂದರೆ ವಿಎಂಗೆ?

ಭೌತಿಕ ಯಂತ್ರ ಓಡುತ್ತಿರುವವರೆಗೆ ಓಡುತ್ತಲೇ ಇರುತ್ತದೆ. ವಿಎಂ ಹಾಗಲ್ಲ. ಅದಕ್ಕೆ ತಿಳಿಯದಂತೆ ಅದನ್ನು ನಿಲ್ಲಿಸಿ, ಮತ್ತೆ ಓಡಿಸಲಾಗುತ್ತದೆ. ಹಳೆಯ ಕರ್ನಲ್‌ಗಳು (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸೆಕೆಂಡಿಗೆ ಇಷ್ಟು ಎಂದು ಬರುವ ಟೈಮರ್ ಇಂಟರಪ್ಟ್ ಎಂಬ ಸಂಕೇತಗಳನ್ನು ಎಣಿಸಿ ಸಮಯ ತಿಳಿಯುತ್ತಿದ್ದವು. ಹೋಸ್ಟ್ ಮೇಲೆ ಒತ್ತಡ ಹೆಚ್ಚಾಗಿ ವಿಎಂಗೆ ಸರದಿ ಸಿಗದಿದ್ದಾಗ ಆ ಇಂಟರಪ್ಟ್‌ಗಳು ತಪ್ಪಿಹೋಗುತ್ತಿದ್ದವು, ಗಡಿಯಾರ ಹಿಂದೆ ಬೀಳುತ್ತಿತ್ತು. ಹೈಪರ್‌ವೈಸರ್ ಬಾಕಿ ಇಂಟರಪ್ಟ್‌ಗಳನ್ನು ಒಟ್ಟಿಗೆ ತಳ್ಳಿದರೆ ಅದೇ ಗಡಿಯಾರ ನಾಗಾಲೋಟದಲ್ಲಿ ಓಡುತ್ತಿತ್ತು.

ಈಗಿನ ಕರ್ನಲ್‌ಗಳು ಎಣಿಸುವುದಿಲ್ಲ, ಪ್ರೊಸೆಸರಿನೊಳಗಿನ ಟಿಎಸ್‌ಸಿ ಎಂಬ ಎಣಿಕೆಯನ್ನು ಓದುತ್ತವೆ. ಹಾಗಾಗಿ ಹಳೆಯ ರೋಗ ಬಹುಪಾಲು ವಾಸಿಯಾಗಿದೆ. ಉಳಿದಿರುವುದು ಬೇರೆ ಮೂರು: ವಿಎಂ ಅನ್ನು ತಡೆಹಿಡಿದು ಮತ್ತೆ ಓಡಿಸುವುದು, ಸ್ನಾಪ್‌ಶಾಟ್‌ಗೆ (ಹಿಂದೊಮ್ಮೆ ಉಳಿಸಿಟ್ಟ ಸ್ಥಿತಿಗೆ) ಮರಳುವುದು, ಓಡುತ್ತಿರುವಾಗಲೇ ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸಾಗಿಸುವುದು. ಮೂರರಲ್ಲೂ ವಿಎಂ ನಿದ್ದೆಯಿಂದ ಎದ್ದವನಂತೆ. ಎಷ್ಟು ಹೊತ್ತು ಮಲಗಿದ್ದೆ ಎಂದು ಅದಕ್ಕೆ ಯಾರಾದರೂ ಹೇಳಬೇಕು.

ಕ್ಲಾಕ್‌ಸೋರ್ಸ್ (ಕರ್ನಲ್ ಸಮಯ ಓದುವ ಮೂಲ) ಯಾವುದಿರಬೇಕು?

ಅದು ಹೈಪರ್‌ವೈಸರ್ ಯಾವುದೆಂಬುದರ ಮೇಲಿದೆ: ಕೆವಿಎಂ ಮೇಲೆ ಕೆವಿಎಂ-ಕ್ಲಾಕ್ ಅಥವಾ ಟಿಎಸ್‌ಸಿ, ಹೈಪರ್-ವಿ ಮೇಲೆ ಅದರದೇ ಆದದ್ದು, ವಿಎಂವೇರ್ ಮೇಲೆ ಟಿಎಸ್‌ಸಿ. ಕರ್ನಲ್ ತಾನಾಗಿ ಆರಿಸಿದ್ದನ್ನು ಬದಲಿಸಲು ಹೋಗಬೇಡಿ. ಎಚ್‌ಪಿಇಟಿ ಅಥವಾ ಎಸಿಪಿಐ ಟೈಮರ್ ಆಯ್ಕೆಯಾಗಿದ್ದರೆ ಮಾತ್ರ, ಟಿಎಸ್‌ಸಿ ನಂಬಲರ್ಹವಲ್ಲ ಎಂದು ಕರ್ನಲ್ ಏಕೆ ತೀರ್ಮಾನಿಸಿತು ಎಂಬುದನ್ನು ಬೂಟ್ ಸಂದೇಶಗಳಲ್ಲಿ ಹುಡುಕಿ.

ಸಮಯವನ್ನು ಹೈಪರ್‌ವೈಸರಿನಿಂದ ಪಡೆಯಬೇಕೋ, ಎನ್‌ಟಿಪಿಯಿಂದಲೋ (ಜಾಲದ ಮೂಲಕ ಸಮಯ ಕೇಳುವ ವಿಧಾನ)? ಎರಡೂ ಇದ್ದರೆ ಇನ್ನೂ ಭದ್ರವಲ್ಲವೇ?

ಎರಡೂ ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವವರು ಇದನ್ನು ಓದಲಿ.

ಎನ್‌ಟಿಪಿ ಕೆಲಸ ಮಾಡುವುದು ತಾಳ್ಮೆಯಿಂದ. ನಿಮ್ಮ ಗಡಿಯಾರ ಎಷ್ಟು ತಪ್ಪಿದೆ ಎಂಬುದರ ಜೊತೆಗೆ, ಯಾವ ವೇಗದಲ್ಲಿ ತಪ್ಪುತ್ತಿದೆ ಎಂಬುದನ್ನೂ ಗಂಟೆಗಟ್ಟಲೆ ಗಮನಿಸಿ, ಆ ವೇಗವನ್ನೇ ತಿದ್ದುತ್ತದೆ. ಹೈಪರ್‌ವೈಸರಿನ ಉಪಕರಣ ನಡುವೆ ಬಂದು ಮುಳ್ಳನ್ನು ತಳ್ಳಿದರೆ ಎನ್‌ಟಿಪಿ ಅದನ್ನು ಸ್ಫಟಿಕದ ದೋಷವೆಂದು ತಿಳಿದು ವೇಗ ಬದಲಿಸುತ್ತದೆ. ಮುಂದಿನ ಸಲ ಉಪಕರಣ ಇನ್ನೊಂದು ಕಡೆಗೆ ತಳ್ಳುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಕಥೆ. ಪ್ರತಿ ವಿಎಂನ ಗಡಿಯಾರಕ್ಕೆ ಯಜಮಾನ ಒಬ್ಬನೇ ಇರಬೇಕು.

ಯಾರು ಎಂದರೆ, ಕ್ಲಸ್ಟರಿನ ಮಟ್ಟಿಗೆ ನನ್ನ ಮತ ವಿಎಂನೊಳಗೆ ಓಡುವ ಎನ್‌ಟಿಪಿಗೆ. ಎಲ್ಲ ನೋಡ್‌ಗಳೂ ಒಂದೇ ಸರ್ವರ್‌ಗಳನ್ನು ಕೇಳಿದರೆ, ಅವುಗಳ ನಡುವಿನ ಹೊಂದಾಣಿಕೆ ಯಾವ ಹೋಸ್ಟ್ ಮೇಲೆ ಕುಳಿತಿವೆ ಎಂಬುದನ್ನು ಅವಲಂಬಿಸುವುದಿಲ್ಲ. ಕೆವಿಎಂನಲ್ಲಿ ಇನ್ನೊಂದು ಸೊಗಸಾದ ದಾರಿಯೂ ಇದೆ: ಪಿಟಿಪಿ-ಕೆವಿಎಂ ಮಾಡ್ಯೂಲ್ ಹಾಕಿದರೆ ಹೋಸ್ಟ್‌ನ ಗಡಿಯಾರ ವಿಎಂಗೆ ಒಂದು ಸಾಧನವಾಗಿ ಕಾಣುತ್ತದೆ. ವಿಎಂನಲ್ಲಿ ಓಡುವ ಕ್ರೋನಿ ಎಂಬ ಎನ್‌ಟಿಪಿ ಪ್ರೋಗ್ರಾಂ ಅದನ್ನೇ ಮೂಲವಾಗಿಟ್ಟುಕೊಳ್ಳಬಹುದು. ಅಲ್ಲೂ ತಿದ್ದುವವನು ಕ್ರೋನಿ ಒಬ್ಬನೇ, ಹೋಸ್ಟ್ ಬರೀ ಸಮಯ ಹೇಳುತ್ತದೆ. ಹೋಸ್ಟ್‌ಗಳೆಲ್ಲ ನಿಮ್ಮ ಕೈಯಲ್ಲಿದ್ದು, ಅವುಗಳ ಗಡಿಯಾರವನ್ನು ನಂಬಬಹುದಾದರೆ ಇದು ಚೆನ್ನ.

ಹೈಪರ್‌ವೈಸರಿನ ಸಮಯ ಹೊಂದಾಣಿಕೆಯ ಟಿಕ್ ತೆಗೆದಿದ್ದೇನೆ. ಆದರೂ ಗಡಿಯಾರ ಜಿಗಿಯುತ್ತಿದೆ, ಏಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಎರಡು ವಾರ ತೆತ್ತಿದ್ದೇನೆ. ಒಂದು ಕ್ಲಸ್ಟರಿನಲ್ಲಿ ಪ್ರತಿ ರಾತ್ರಿ ಒಂದು ಗಂಟೆ ದಾಟಿದ ಮೇಲೆ ಗಡಿಯಾರದ ಅಂತರದ ಎಚ್ಚರಿಕೆ ಬರುತ್ತಿತ್ತು. ಬೆಳಗ್ಗೆ ಕಾಫಿ ಮುಗಿಸಿ ನೋಡುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತಿತ್ತು. ಮೂರು ನೋಡ್‌ಗಳಲ್ಲಿ ಜಿಗಿಯುತ್ತಿದ್ದದ್ದು ಒಂದೇ, ಅದೂ ವಾರದ ಮಧ್ಯೆ ಬದಲಾಯಿತು. ಒಂದು ಗಂಟೆಗೆ ನಡೆಯುತ್ತಿದ್ದದ್ದು ಬ್ಯಾಕಪ್. ಬ್ಯಾಕಪ್ ಎಂದರೆ ಸ್ನಾಪ್‌ಶಾಟ್.

ವಿಎಂನೊಳಗೆ ಹಾಕುವ ವಿಎಂವೇರ್ ಟೂಲ್ಸ್‌ನಲ್ಲಿ ನಾವು ತೆಗೆಯುವ ಟಿಕ್ ನಿಮಿಷಕ್ಕೊಮ್ಮೆ ನಡೆಯುವ ಹೊಂದಾಣಿಕೆಯನ್ನು ಮಾತ್ರ ನಿಲ್ಲಿಸುತ್ತದೆ. ಸ್ನಾಪ್‌ಶಾಟ್ ತೆಗೆದಾಗ, ಅದಕ್ಕೆ ಮರಳಿದಾಗ, ತಡೆಹಿಡಿದ ವಿಎಂ ಎದ್ದಾಗ, ಡಿಸ್ಕ್ ಕುಗ್ಗಿಸಿದಾಗ, ಟೂಲ್ಸ್ ಶುರುವಾದಾಗ ಒಮ್ಮೆ ಹೋಸ್ಟ್‌ನ ಸಮಯ ಹಾಕುವುದು ಹಾಗೆಯೇ ಉಳಿದಿರುತ್ತದೆ. ಅದನ್ನೂ ನಿಲ್ಲಿಸಲು ವಿಎಂನ ಕಾನ್ಫಿಗರೇಶನ್ ಕಡತದಲ್ಲಿ ಸಿಂಕ್ರನೈಸ್ ಎಂಬ ಪದವಿರುವ ಹಲವು ಸಾಲುಗಳನ್ನು ಒಂದೊಂದಾಗಿ ಸೊನ್ನೆ ಮಾಡಬೇಕು. ನಮ್ಮಲ್ಲಿ ಒಂದು ಹೋಸ್ಟ್‌ಗೆ ಎನ್‌ಟಿಪಿ ಹಾಕುವುದನ್ನೇ ಮರೆತಿದ್ದೆವು, ಅದರ ಗಡಿಯಾರ 4 ಸೆಕೆಂಡು ಮುಂದೆ ಹೋಗಿತ್ತು. ಆ ಹೋಸ್ಟ್ ಮೇಲೆ ಯಾವ ನೋಡ್ ಇದ್ದರೆ ಅದು ಜಿಗಿಯುತ್ತಿತ್ತು. ಕ್ರೋನಿ ಬೆಳಗಾಗುವುದರೊಳಗೆ ಸರಿಪಡಿಸಿ ನಮ್ಮ ಸಾಕ್ಷ್ಯವನ್ನೂ ಅಳಿಸುತ್ತಿತ್ತು.

ಆದ್ದರಿಂದ ವಿಎಂಗಳು ಹೋಸ್ಟ್‌ನ ಸಮಯ ಬಳಸದಿದ್ದರೂ ಹೋಸ್ಟ್‌ಗಳಿಗೆ ಎನ್‌ಟಿಪಿ ಹಾಕಿ. ವಿಎಂ ಬೂಟ್ ಆಗುವಾಗ ಅದರ ಮೊದಲ ಸಮಯ ಬರುವುದೂ ಹೋಸ್ಟ್‌ನಿಂದಲೇ.

ಎಷ್ಟು ಎನ್‌ಟಿಪಿ ಸರ್ವರ್ ಬೇಕು? ಎರಡು ಸಾಲದೇ?

ಎರಡು ಎಂಬುದು ಅತಿ ಕೆಟ್ಟ ಸಂಖ್ಯೆ. ಎರಡು ಬೇರೆ ಬೇರೆ ಸಮಯ ಹೇಳಿದರೆ ಯಾವುದು ಸುಳ್ಳು ಎಂದು ತೀರ್ಮಾನಿಸಲು ಮೂರನೆಯವರಿಲ್ಲ. ಮೂರಿದ್ದರೆ ಒಂದು ಸುಳ್ಳು ಹೇಳಿದರೂ ಬಹುಮತ ಸಿಗುತ್ತದೆ. ನಾಲ್ಕಿದ್ದರೆ ಒಂದು ಕೆಟ್ಟುಹೋದಾಗಲೂ ಆ ಬಹುಮತ ಉಳಿಯುತ್ತದೆ. ನಾಲ್ಕು ಇಡಿ.

ಒಂದು ಸೂಕ್ಷ್ಮ: ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಹೊತ್ತು ಹಿಡಿಯುತ್ತದೆ ಎಂಬ ನಂಬಿಕೆಯ ಮೇಲೆ ಎನ್‌ಟಿಪಿ ನಿಂತಿದೆ. ಹೋಗಲು 10 ಮಿಲಿಸೆಕೆಂಡು, ಬರಲು 2 ಮಿಲಿಸೆಕೆಂಡು ಆದರೆ ನಿಮ್ಮ ಗಡಿಯಾರ 4 ಮಿಲಿಸೆಕೆಂಡು ತಪ್ಪುತ್ತದೆ, ಅದು ಎಂದಿಗೂ ಗೊತ್ತಾಗುವುದಿಲ್ಲ. ದೂರದ ಹೆಸರಾಂತ ಸರ್ವರಿಗಿಂತ ಹತ್ತಿರದ ಸಾಧಾರಣ ಸರ್ವರ್ ವಾಸಿ.

ಒಂದು ನೋಡ್ ಅನ್ನೇ ಎನ್‌ಟಿಪಿ ಸರ್ವರ್ ಮಾಡಿ ಉಳಿದವು ಅದನ್ನು ಅನುಸರಿಸಿದರೆ?

ಹೊರಗಿನ ಜಾಲವೇ ಇಲ್ಲದ ಕಡೆ ಮಾಡಬಹುದು. ಕ್ಲಸ್ಟರಿಗೆ ಮುಖ್ಯ ಬೇಕಾದದ್ದು ನೋಡ್‌ಗಳ ನಡುವಿನ ಒಮ್ಮತ. ಎಲ್ಲರೂ ಸೇರಿ 3 ಸೆಕೆಂಡು ತಪ್ಪಾಗಿದ್ದರೆ ಡೇಟಾಬೇಸಿಗೆ ಅಡ್ಡಿಯಿಲ್ಲ. ಒಬ್ಬರೇ ಸರಿಯಾಗಿದ್ದು ಉಳಿದವರು ತಪ್ಪಿದ್ದರೆ ಅಡ್ಡಿ. ಕ್ರೋನಿಯ ಲೋಕಲ್ ನಿರ್ದೇಶನಕ್ಕೆ ಆರ್ಫನ್ ಆಯ್ಕೆ ಸೇರಿಸಿದರೆ, ಅನಾಥವಾದ ಯಂತ್ರಗಳು ತಮ್ಮಲ್ಲೇ ಒಬ್ಬರನ್ನು ಹಿರಿಯರೆಂದು ಒಪ್ಪಿಕೊಳ್ಳುತ್ತವೆ. ಆದರೆ ಆ ಹಿರಿಯ ವಿಎಂ ಆಗಿರುವುದಕ್ಕಿಂತ ಭೌತಿಕ ಯಂತ್ರವಾಗಿರಲಿ. ಸರದಿಗಾಗಿ ಕಾಯುವ ಯಂತ್ರದ ಉತ್ತರದಲ್ಲಿ ನಡುಕವಿರುತ್ತದೆ.

ಹೊರಜಾಲ ಇದ್ದರೆ ಈ ಗೋಜು ಬೇಡ. ನಾಲ್ಕು ಭೌತಿಕ ಯಂತ್ರಗಳನ್ನು ಒಳಗಿನ ಸರ್ವರ್‌ಗಳಾಗಿ ಮಾಡಿ, ಅವು ಮಾತ್ರ ಹೊರಗೆ ಕೇಳಲಿ.

ಭಾರತದಲ್ಲಿ ಯಾವ ಸರ್ವರುಗಳನ್ನು ಕೇಳಬೇಕು? ಕಾನೂನಿನ ಕಟ್ಟಳೆ ಇದೆಯೇ?

ಇದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೇವಾ ಸಂಸ್ಥೆಗಳು, ಡೇಟಾ ಸೆಂಟರ್‌ಗಳು, ಕಂಪನಿಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಅಥವಾ ಹೊಸದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಜೋಡಿಸಬೇಕು. ಹಲವು ದೇಶಗಳಲ್ಲಿ ಹರಡಿರುವ ಸಂಸ್ಥೆಗಳು ಬೇರೆ ನಿಖರ ಮೂಲ ಬಳಸಬಹುದು, ಆದರೆ ಅದು ಇವೆರಡರಿಂದ ದೂರ ಸರಿಯಬಾರದು. ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕೆಂಬುದೂ ಅದೇ ನಿರ್ದೇಶನದಲ್ಲಿದೆ. ಎನ್‌ಐಸಿಯ ಸರ್ವರ್‌ಗಳಿಗೆ ಸಮಯ್ ಎಂಬ ಒಳ್ಳೆಯ ಹೆಸರಿದೆ.

ಪ್ರತಿ ವಿಎಂ ನೇರವಾಗಿ ಅವರ ಬಾಗಿಲು ಬಡಿಯಬೇಕಿಲ್ಲ. ಮೇಲೆ ಹೇಳಿದ ನಿಮ್ಮ ಒಳಗಿನ ಸರ್ವರ್‌ಗಳು ಅಲ್ಲಿ ಕೇಳಿದರೆ ಸಾಕು. ಸ್ವಂತ ಉಪಗ್ರಹ ರಿಸೀವರ್ ಇಡುವ ಯೋಚನೆಯಿದ್ದರೆ ಭಾರತದ್ದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ನ ಸಂಕೇತ ಹಿಡಿಯುವಂಥದ್ದನ್ನೂ ನೋಡಬಹುದು. ಆ ವ್ಯವಸ್ಥೆಯ ಸಮಯ ಕಾಯುವ ಕೇಂದ್ರವೊಂದು ಬೆಂಗಳೂರಿನ ಹೊರಗಿನ ಬ್ಯಾಲಾಳಿನಲ್ಲೇ ಇದೆ.

ಒಂದು ನೋಡ್ ಸರಿಯಾಗಿ ಐದೂವರೆ ಗಂಟೆ ಮುಂದಿದೆ. ಸ್ಫಟಿಕ ಇಷ್ಟು ಕೆಡಬಹುದೇ?

ಕೆಡುವುದಿಲ್ಲ. 19,800 ಸೆಕೆಂಡಿನ ಅಂತರ ಕಂಡ ಕೂಡಲೇ ಎನ್‌ಟಿಪಿಯನ್ನು ಬಿಟ್ಟು ಕಾಲವಲಯವನ್ನು ನೋಡಿ. ಎರಡೂ ನೋಡ್‌ಗಳಲ್ಲಿ 1970ರಿಂದ ಕಳೆದ ಸೆಕೆಂಡುಗಳ ಸಂಖ್ಯೆ ಕೇಳಿ. ಅದು ಒಂದೇ ಆಗಿದ್ದರೆ ಗಡಿಯಾರ ಸರಿಯಿದೆ, ತೋರಿಸುವ ವಲಯ ಮಾತ್ರ ಬೇರೆ. ಸಂಖ್ಯೆಯೇ ಬೇರೆಯಾಗಿದ್ದರೆ ವಿಎಂನ ಹಾರ್ಡ್‌ವೇರ್ ಗಡಿಯಾರದಲ್ಲಿ ಸ್ಥಳೀಯ ಸಮಯವಿದ್ದು, ಲಿನಕ್ಸ್ ಅದನ್ನು ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ಓದಿಕೊಂಡಿದೆ. ವಿಂಡೋಸ್‌ಗೆಂದು ಮಾಡಿದ ವಿಎಂ ಅಚ್ಚಿನಲ್ಲಿ ಲಿನಕ್ಸ್ ಹಾಕಿದಾಗ ಹೀಗಾಗುವುದುಂಟು. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಕ್ಲಾಕ್ ಆಫ್‌ಸೆಟ್ ಅನ್ನು ಯುಟಿಸಿ ಮಾಡಿ.

ನನ್ನ ಸಲಹೆ: ಸರ್ವರ್‌ಗಳೆಲ್ಲ ಯುಟಿಸಿಯಲ್ಲೇ ಇರಲಿ. ಐದೂವರೆ ಕೂಡಿಸುವ ಕೆಲಸ ನೋಡುವ ಪರದೆಗೆ ಬಿಡಿ.

ಎನ್‌ಟಿಪಿಡಿ, ಕ್ರೋನಿ, ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ: ಯಾವ ಎನ್‌ಟಿಪಿ ಪ್ರೋಗ್ರಾಂ ಬಳಸಬೇಕು?

ಕ್ರೋನಿ. ಟೈಮ್‌ಸಿಂಕ್‌ಡಿ ಒಂದು ಹೊತ್ತಿಗೆ ಒಂದೇ ಸರ್ವರನ್ನು ಕೇಳುವ ಸರಳ ಗ್ರಾಹಕ, ಲ್ಯಾಪ್‌ಟಾಪಿಗೆ ಸಾಕು. ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ರೂಪಿಸಿದ ಎನ್‌ಟಿಪಿಯನ್ನು ದಶಕಗಳ ಕಾಲ ಹೊತ್ತದ್ದು ಎನ್‌ಟಿಪಿಡಿ. ಅದರ ಬಗ್ಗೆ ಗೌರವವಿದೆ, ಆದರೆ ಅದು ಸದಾ ಓಡುವ ಯಂತ್ರಕ್ಕೆಂದು ಹುಟ್ಟಿದ್ದು. ಮಲಗಿ ಏಳುವ ಯಂತ್ರಕ್ಕೆ ಕ್ರೋನಿ ಬೇಗ ಒಗ್ಗುತ್ತದೆ. ರೆಡ್ ಹ್ಯಾಟ್ ತನ್ನ 8ನೇ ಆವೃತ್ತಿಯಿಂದ ಎನ್‌ಟಿಪಿಡಿಯನ್ನು ಕೈಬಿಟ್ಟಿದೆ.

ಓಡುತ್ತಿರುವ ನೋಡ್ ತಪ್ಪಿದೆ. ಒಮ್ಮೆಲೇ ಸರಿಯಾದ ಸಮಯ ಹಾಕಿಬಿಡಲೇ?

ಎಷ್ಟು ತಪ್ಪಿದೆ, ಯಾವ ಕಡೆಗೆ ತಪ್ಪಿದೆ ಎಂದು ಮೊದಲು ನೋಡಿ. ಹಿಂದೆ ಉಳಿದದ್ದನ್ನು ಮುಂದಕ್ಕೆ ತಳ್ಳಿದರೆ ನಡುವಿನ ಕೆಲವು ಕ್ಷಣ ಇಲ್ಲವಾಗುತ್ತದೆ. ಮುಂದೆ ಹೋದದ್ದನ್ನು ಹಿಂದಕ್ಕೆಳೆದರೆ ಅದೇ ಕ್ಷಣ ಎರಡು ಸಲ ಬರುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ಮುಗಿದ ಹೊತ್ತಿನಿಂದ ಶುರುವಾದ ಹೊತ್ತನ್ನು ಕಳೆದಾಗ ಉತ್ತರ ಸೊನ್ನೆಗಿಂತ ಕಡಿಮೆ ಬರಬಹುದೆಂದು ಬಹಳ ಪ್ರೋಗ್ರಾಂಗಳು ಊಹಿಸಿಯೇ ಇರುವುದಿಲ್ಲ. 2017ರ ಹೊಸವರ್ಷದ ಲೀಪ್ ಸೆಕೆಂಡಿನಲ್ಲಿ (ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಸೇರಿಸುವ ಹೆಚ್ಚುವರಿ ಸೆಕೆಂಡು) ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ ಸೇವೆಯ ಒಂದು ಭಾಗ ಬಿದ್ದದ್ದು ಇಂಥದೇ ಋಣ ಸಂಖ್ಯೆಯಿಂದ. ಅವಧಿ ಅಳೆಯಲು ಮಾನೊಟೋನಿಕ್ (ಎಂದೂ ಹಿಂದಕ್ಕೆ ಹೋಗದ) ಗಡಿಯಾರವನ್ನೇ ಬಳಸಿ ಎಂದು ಪ್ರೋಗ್ರಾಂ ಬರೆಯುವವರಿಗೆ ನಾವು ಹೇಳುತ್ತಿರುವುದು ಇದಕ್ಕೇ.

ಕೆಲವು ಸೆಕೆಂಡುಗಳಾದರೆ ನಿಧಾನವಾಗಿ ಸರಿಸಲು ಬಿಡಿ. ಎನ್‌ಟಿಪಿಡಿ 500 ಪಿಪಿಎಂಗಿಂತ ವೇಗವಾಗಿ ಸರಿಸುವುದಿಲ್ಲ, ಹಾಗಾಗಿ ಒಂದು ಸೆಕೆಂಡಿಗೆ 33 ನಿಮಿಷ ಹಿಡಿಯುತ್ತದೆ. ಕ್ರೋನಿ ನಾವು ಬದಲಿಸದಿದ್ದರೆ ಹನ್ನೆರಡರಲ್ಲಿ ಒಂದು ಭಾಗದ ವೇಗದವರೆಗೆ ಹೋಗುತ್ತದೆ: ಒಂದು ಸೆಕೆಂಡಿಗೆ 12 ಸೆಕೆಂಡು. ತಪ್ಪು ನಿಮಿಷಗಳಷ್ಟಿದ್ದರೆ ಆ ನೋಡ್ ಅನ್ನು ಕ್ಲಸ್ಟರಿನಿಂದ ಹೊರತಂದು, ಸೇವೆ ನಿಲ್ಲಿಸಿ, ಸಮಯ ಹಾಕಿ, ಮತ್ತೆ ಸೇರಿಸಿ.

ಸ್ನಾಪ್‌ಶಾಟ್‌ನಿಂದ ಎಬ್ಬಿಸಿದ ವಿಎಂ ಗಂಟೆಗಟ್ಟಲೆ ಹಿಂದೆಯೇ ಉಳಿಯುತ್ತದೆ. ಕ್ರೋನಿ ಓಡುತ್ತಿದೆಯಲ್ಲ?

ಓಡುತ್ತಿದೆ, ಆದರೆ ಜಿಗಿಯಲು ಅದಕ್ಕೆ ಅಪ್ಪಣೆಯಿಲ್ಲ. ಸಾಮಾನ್ಯ ಕಾನ್ಫಿಗರೇಶನ್‌ನಲ್ಲಿ ಮೇಕ್‌ಸ್ಟೆಪ್ 1.0 3 ಎಂದಿರುತ್ತದೆ. ಕ್ರೋನಿ ಶುರುವಾದ ಮೇಲಿನ ಮೊದಲ ಮೂರು ತಿದ್ದುಪಡಿಗಳಲ್ಲಿ ಮಾತ್ರ, ಅದೂ ತಪ್ಪು ಒಂದು ಸೆಕೆಂಡಿಗಿಂತ ಹೆಚ್ಚಿದ್ದರೆ ಜಿಗಿಯಬಹುದು ಎಂದು ಅದರ ಅರ್ಥ. ಮೆಮೊರಿ ಸಮೇತ ಎದ್ದ ವಿಎಂನಲ್ಲಿ ಆ ಮೂರು ಅವಕಾಶಗಳು ಎಂದೋ ಮುಗಿದಿರುತ್ತವೆ. ಒಂದು ಗಂಟೆಯ ತಪ್ಪನ್ನು ಸರಿಸಿ ತಿದ್ದಲು 12 ಗಂಟೆ ಬೇಕು. ಎನ್‌ಟಿಪಿಡಿಯಾದರೆ 1,000 ಸೆಕೆಂಡಿಗಿಂತ ಹೆಚ್ಚಿನ ತಪ್ಪು ಕಂಡು ಗಾಬರಿಯಾಗಿ ತಾನೇ ನಿಂತುಬಿಡುತ್ತದೆ.

ಎಬ್ಬಿಸಿದ ಮೇಲೆ ಕ್ರೋನಿಗೆ ಆಜ್ಞೆ ಕೊಡುವ ಉಪಕರಣವಾದ ಕ್ರೋನಿಸಿಯಿಂದ ಮೇಕ್‌ಸ್ಟೆಪ್ ಆಜ್ಞೆ ಕೊಡುವುದನ್ನು ಕಾರ್ಯವಿಧಾನದಲ್ಲೇ ಬರೆದಿಡಿ. ಡೇಟಾಬೇಸ್ ನೋಡ್‌ಗಳನ್ನು ಮೆಮೊರಿ ಸಮೇತ ಸ್ನಾಪ್‌ಶಾಟ್‌ಗೆ ಮರಳಿಸುವ ಅಭ್ಯಾಸವನ್ನೇ ಬಿಟ್ಟರೆ ಇನ್ನೂ ಒಳ್ಳೆಯದು.

ಕ್ಲೌಡ್‌ನಲ್ಲಿ ಇದೆಲ್ಲ ಅವರೇ ನೋಡಿಕೊಳ್ಳುವುದಿಲ್ಲವೇ?

ಸರ್ವರ್ ಅವರು ಕೊಡುತ್ತಾರೆ, ಕೇಳುವ ಕೆಲಸ ನಿಮ್ಮದು. ಅಮೆಜಾನ್‌ನಲ್ಲಿ 169.254.169.123 ಎಂಬ ವಿಳಾಸ, ಗೂಗಲ್‌ನಲ್ಲಿ ಮೆಟಾಡೇಟಾ ಸರ್ವರ್, ಅಜೂರ್‌ನಲ್ಲಿ ಹೋಸ್ಟ್‌ನ ಗಡಿಯಾರವನ್ನು ತೋರಿಸುವ ಪಿಟಿಪಿ ಸಾಧನ. ಅವುಗಳನ್ನೇ ಬಳಸಿ.

ಆದರೆ ಗೂಗಲ್, ಅಮೆಜಾನ್ ಸೇವೆಗಳು ಲೀಪ್ ಸೆಕೆಂಡನ್ನು ಒಮ್ಮೆಲೇ ಸೇರಿಸದೆ 24 ಗಂಟೆಗೆ ಸವರಿಬಿಡುತ್ತವೆ. ಹಾಗೆ ಸವರದ ಸಾರ್ವಜನಿಕ ಸರ್ವರ್‌ಗಳ ಜೊತೆ ಬೆರೆಸಿದರೆ ಆ ದಿನ ನಡುವೆ ಅರ್ಧ ಸೆಕೆಂಡಿನವರೆಗೂ ಅಂತರ ಬರುತ್ತದೆ. ಕಾಕ್ರೋಚ್‌ಡಿಬಿಯ 500 ಮಿಲಿಸೆಕೆಂಡು ನೆನಪಿದೆಯಲ್ಲ?

ಲೀಪ್ ಸೆಕೆಂಡಿಗೆ ಇನ್ನೂ ಹೆದರಬೇಕೇ?

1972ರಿಂದ 27 ಬಂದಿವೆ. ಕೊನೆಯದು 2016ರ ಡಿಸೆಂಬರ್ 31ರ ಯುಟಿಸಿ ಮಧ್ಯರಾತ್ರಿ, ನಮಗೆ 2017ರ ಜನವರಿ 1ರ ಬೆಳಗಿನ ಐದೂವರೆ. 2035ರೊಳಗೆ ಈ ಪದ್ಧತಿಯನ್ನು ಬಿಡಲು 2022ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಮಾಪನ ಸಮ್ಮೇಳನ ತೀರ್ಮಾನಿಸಿದೆ. ಎಲ್ಲಕ್ಕಿಂತ ನೆನಪಿನಲ್ಲಿ ಉಳಿದದ್ದು 2012ರ ಜುಲೈ 1, ಭಾನುವಾರ. ಲಿನಕ್ಸ್ ಕರ್ನಲ್‌ನ ಟೈಮರ್ ದೋಷದಿಂದ ಜಗತ್ತಿನಾದ್ಯಂತ ಸರ್ವರ್‌ಗಳ ಪ್ರೊಸೆಸರ್ ಸುಮ್ಮನೆ ಸುತ್ತತೊಡಗಿದವು. ಮದ್ದು ನಗು ಬರಿಸುವಂಥದ್ದು: ಈಗಿನ ಸಮಯವನ್ನೇ ಓದಿ, ಅದನ್ನೇ ಮತ್ತೆ ಹಾಕುವುದು.

ಕಂಟೇನರ್ ಒಳಗೂ ಕ್ರೋನಿ ಹಾಕಬೇಕೇ?

ಬೇಡ. ಕಂಟೇನರಿಗೆ ಸ್ವಂತ ಗಡಿಯಾರವಿಲ್ಲ, ಅದು ಓಡುತ್ತಿರುವ ವಿಎಂನದೇ ಅದಕ್ಕೂ.

ವಿಂಡೋಸ್ ನೋಡ್‌ಗಳ ಕಥೆ?

ವಿಂಡೋಸ್ ಡೊಮೇನಿನಲ್ಲಿ (ಒಂದೇ ಆಡಳಿತದಡಿಯ ಯಂತ್ರಗಳ ಗುಂಪು) ಎಲ್ಲರೂ ಕೊನೆಗೆ ಪಿಡಿಸಿ ಎಮ್ಯುಲೇಟರ್ ಪಾತ್ರದ ಡೊಮೇನ್ ಕಂಟ್ರೋಲರನ್ನೇ ಅನುಸರಿಸುತ್ತಾರೆ. ಅದೊಂದನ್ನು ಹೊರಗಿನ ಎನ್‌ಟಿಪಿಗೆ ಜೋಡಿಸಿ. ಅದು ವಿಎಂ ಆಗಿದ್ದರೆ ಹೈಪರ್‌ವೈಸರಿನ ಸಮಯ ಹೊಂದಾಣಿಕೆಯನ್ನು ಅದಕ್ಕೆ ನಿಲ್ಲಿಸಿ. ಇಲ್ಲದಿದ್ದರೆ ಹೋಸ್ಟ್ ಡೊಮೇನಿನಿಂದ, ಡೊಮೇನ್ ಹೋಸ್ಟ್‌ನಿಂದ ಸಮಯ ಕೇಳುತ್ತಾ ಇಬ್ಬರೂ ಸೇರಿ ದಾರಿ ತಪ್ಪುತ್ತಾರೆ. ಸುರಕ್ಷಿತ ಜಾಲ ಸಂಪರ್ಕಗಳಿಂದ ಸಮಯ ಅಂದಾಜಿಸುವ ಸೆಕ್ಯೂರ್ ಟೈಮ್ ಸೀಡಿಂಗ್ ಎಂಬ ಸೌಲಭ್ಯವನ್ನೂ ಸರ್ವರ್‌ಗಳಲ್ಲಿ ನಿಲ್ಲಿಸಿಡುವುದು ಕ್ಷೇಮ.

ಎಲ್ಲ ಸರಿಯಿದೆ ಎಂದು ತಿಳಿಯುವುದು ಹೇಗೆ?

ಕ್ರೋನಿಸಿ ಸೋರ್ಸಸ್ ಎಂದು ಕೇಳಿ. ನಕ್ಷತ್ರದ ಗುರುತು ಆರಿಸಿಕೊಂಡ ಸರ್ವರಿಗೆ, ಅಧಿಕ ಚಿಹ್ನೆ ಅದರ ಜೊತೆಗೂಡಿದವರಿಗೆ. ಎಕ್ಸ್ ಅಕ್ಷರ ಕಂಡರೆ ಆ ಸರ್ವರ್ ಸುಳ್ಳು ಹೇಳುತ್ತಿದೆ ಎಂದು ಉಳಿದವರು ತೀರ್ಮಾನಿಸಿದ್ದಾರೆ. ರೀಚ್ ಅಂಕಣದಲ್ಲಿ 377 ಇದ್ದರೆ ಕೊನೆಯ ಎಂಟು ಪ್ರಶ್ನೆಗಳಿಗೂ ಉತ್ತರ ಬಂದಿದೆ. ಸೊನ್ನೆಯಿದ್ದರೆ ಯುಡಿಪಿ 123ನೇ ಪೋರ್ಟನ್ನು ಫೈರ್‌ವಾಲ್ ತಡೆದಿರುವ ಸಾಧ್ಯತೆಯೇ ಹೆಚ್ಚು.

ಕ್ರೋನಿಸಿ ಟ್ರ್ಯಾಕಿಂಗ್‌ನಲ್ಲಿ ಸಿಸ್ಟಮ್ ಟೈಮ್, ರೂಟ್ ಡಿಸ್ಪರ್ಷನ್ ಮತ್ತು ರೂಟ್ ಡಿಲೇಯ ಅರ್ಧವನ್ನು ಕೂಡಿಸಿ. ನಿಮ್ಮ ಗಡಿಯಾರ ಹೆಚ್ಚೆಂದರೆ ಎಷ್ಟು ತಪ್ಪಿರಬಹುದು ಎಂಬುದರ ಅಂದಾಜು ಸಿಗುತ್ತದೆ. ಎರಡು ನೋಡ್‌ಗಳ ಈ ಮೊತ್ತಗಳನ್ನು ಸೇರಿಸಿದರೆ ಅವುಗಳ ನಡುವಿನ ಅಂತರದ ಮೇಲ್ಮಿತಿ. ಆ ಸಂಖ್ಯೆಯನ್ನು ನಿಮ್ಮ ನಿಗಾ ವ್ಯವಸ್ಥೆಗೆ ಕಳಿಸಿ, ನಿಮ್ಮ ಡೇಟಾಬೇಸ್ ಸಹಿಸುವ ಮಿತಿಯ ಕಾಲು ಭಾಗ ದಾಟಿದಾಗಲೇ ಎಚ್ಚರಿಕೆ ಬರುವಂತೆ ಮಾಡಿ. ನಿಮಿಷಕ್ಕೊಮ್ಮೆಯಾದರೂ ಅಳೆಯಿರಿ, ರಾತ್ರಿ ಬ್ಯಾಕಪ್ ನಡೆಯುವ ಹೊತ್ತಿನಲ್ಲೂ.